ಗುಡಿಸಿದ ಜಾಗ

ಗಂಡುಹಕ್ಕಿ ಬರಿ ನೆಲಕ್ಕೆ ಕೊಕ್ಕು ಊರಿ ಕಾವು ನೋಡಿತು. ಎರಡು ಹೆಜ್ಜೆ ಸರಿದು ಮತ್ತೆ ಊರಿತು. ಬೆಳಿಗ್ಗೆ ಅಲ್ಲಿ ಮೊಣಕಾಲೆತ್ತರದ ಎಲೆಗುಡ್ಡೆ ಇತ್ತು. ಈಗ ಅದು ಕಸದ ಡಬ್ಬಿ ಸೇರಿತ್ತು. ಕಸಬರಿಗೆ ಶಾಂತಾದೇವಿಯ ಕೈಯಲ್ಲಿತ್ತು.

“ಅತ್ತೀ, ಅದು ಕಸ ಅಲ್ರಿ, ಅದರ ಗೂಡು!” ಡಚ್ಚರ ಊರು ನೂರ್ಡ್‌ವೈಕ್‌ನ ಈ ಪಕ್ಷಿತೋಟದಲ್ಲಿ ಶನಿವಾರಗಳಂದು ಸ್ವಯಂಸೇವೆ ಮಾಡುವ ಸೊಸೆ ವೈಶಾಲಿ ಓಡಿಬಂದಳು. “ದೂರದ ದ್ವೀಪದ ಹಕ್ಕಿರಿ ಇದು, ಕಾವಿಗೆ ಕೂಡೂದಿಲ್ಲ. ಎಲಿ ಕೊಳತು ಬಿಸಿ ಆದಮ್ಯಾಲೆ ಅದರಾಗ ತತ್ತಿ ಹುಗೀತಾವ. ಎರಡು ತಿಂಗಳಿಂದ ಎಲಿ ಒಟ್ಟಾಕತ್ತಿತ್ತು.”

“ನಿನ್ನ ಜೋಡಿ ಬಂದು ಸುಮ್ನ ಕೂತು ಬ್ಯಾಸರಾತು, ಕಸಾ ಹೊಡದೆ,” ಎಂದರು ಶಾಂತಾದೇವಿ ಮೆಲ್ಲಗೆ.

ಅಷ್ಟರಲ್ಲಿ ಮೇಲ್ವಿಚಾರಕಿ ಆನೆಕೆ ಬಂದು ಡಚ್ಚಿನಲ್ಲಿ ಏನಾಯಿತೆಂದು ಕೇಳಿದಳು. ವೈಶಾಲಿ ತಡವರಿಸಿದಳು. ಆಮೇಲೆ, ಹಕ್ಕಿಯೇ ಎಲ್ಲ ಕೆದರಿ ಹಾಕಿತು ಎಂದು ಅದರ ಕಡೆ ಬೆರಳು ತೋರಿಸಿದಳು. ಆನೆಕೆ ಹಕ್ಕಿಯನ್ನು ನೋಡಿ ಬೇಸರದಿಂದ ತಲೆಯಾಡಿಸಿದಳು. ಅದು ಇನ್ನೂ ನೆಲದಲ್ಲಿ ಕಾವು ಹುಡುಕುತ್ತಿತ್ತು.

ಶಾಂತಾದೇವಿಗೆ ಡಚ್ ಬಾರದು. ಆದರೆ ಬೆರಳು ಯಾರ ಕಡೆ ಹೋಯಿತೆಂದು ಕಂಡಿತು. ಮುಖ ಸುಟ್ಟಂತಾಯಿತು. ಕಸಬರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಆನೆಕೆಯ ಮುಂದೆ ಹಿಡಿದರು.

“ನಾ ಮಾಡಿದ್ದು. ಅಕಿಗೆ ತಿಳಿಯೂ ಹಂಗ ಹೇಳವಾ,” ಎಂದರು ಸೊಸೆಗೆ.

ಅದನ್ನು ಡಚ್ಚಿನಲ್ಲಿ ಹೇಳಲು ಅಲ್ಲಿ ವೈಶಾಲಿಯ ಹೊರತು ಬೇರೆ ಯಾರೂ ಇರಲಿಲ್ಲ.