ತಲೆಯ ಮೇಲೆ ಕೆಂಡ

ತಮ್ಮ ಮಲ್ಲಿಗೆ ಗಿಡವನ್ನು ಯಾರೋ ಬುಡದಲ್ಲೇ ಕಡಿದದ್ದನ್ನು ಕಂಡು ಸೆವ್ರಿನ್ ಬಾಯಿ ಕತ್ತಿ ಹಿಡಿದೇ ಇಗರ್ಜಿಗೆ ನುಗ್ಗಿದರು.

"ಫಾದರ್, ಇದು ಪಕ್ಕದ್ಮನೆ ಕರ್ಮಿನಳದ್ದೇ ಕೆಲಸ. ಕಣ್ಣಿಗೆ ಕಣ್ಣು ಅಂತ ಶಾಸ್ತ್ರದಲ್ಲೇ ಉಂಟಲ್ಲ? ಅವಳ ಗಿಡ ನಾನೂ ಕಡೀತೇನೆ."

"ಕ್ಷಮಿಸಬೇಕು ಅಂತಲೂ ಉಂಟು. ಶತ್ರು ಹಸಿದಿದ್ದರೆ ಊಟ ಕೊಡಬೇಕಂತೆ."

"ಅವಳಿಗೆ ಊಟ ಬೇರೆ ಕೇಡು!"

ಫಾದರ್ ಅಳುಕುತ್ತಲೇ ಉಳಿದದ್ದನ್ನೂ ಹೇಳಿದರು. "ಹಾಗೆ ಕೊಟ್ರೆ ಅವರ ತಲೆ ಮೇಲೆ ಕೆಂಡ ಸುರಿದ ಹಾಗೆ ಅಂತ ಬರೆದುಂಟು."

ಸೆವ್ರಿನ್ ಬಾಯಿಯ ಮುಖ ಅರಳಿತು.

ಅವತ್ತು ಮಧ್ಯಾಹ್ನವೇ ಹಂದಿ ಮಾಂಸದ ಪದಾರ್ಥ ಮಾಡಿ ಒಯ್ದರು. "ಗಿಡ ಕಡಿದದ್ದಕ್ಕೆ ನಿನ್ನನ್ನು ಕ್ಷಮಿಸಿದ್ದೇನೆ, ತಿನ್ನು" ಎಂದರು. ಕರ್ಮಿನ್ ತಲೆ ತಗ್ಗಿಸಿ ಪಾತ್ರೆ ತೆಗೆದುಕೊಂಡಳು. ಮರುದಿನ ಕೋಳಿ, ಅದರ ಮರುದಿನ ಸಿಗಡಿ. ಕೊಡುವಾಗಲೆಲ್ಲ ಸೆವ್ರಿನ್ ಬಾಯಿ ಅವಳ ನೆತ್ತಿಯನ್ನೇ ಆಸೆಯಿಂದ ನೋಡುತ್ತಿದ್ದರು.

ಹತ್ತನೇ ದಿನ ಕರ್ಮಿನ್ ಅಳುತ್ತಾ ಬಾಗಿಲಿಗೆ ಬಂದಳು. ಅಂತೂ ಕೆಂಡ ತಾಗಿತು ಎಂದು ಸೆವ್ರಿನ್ ಬಾಯಿ ಒಳಗೊಳಗೇ ಹಿಗ್ಗಿದರು.

"ಕ್ಷಮಿಸಿ, ನಿಮಗೆ ಮೋಸ ಮಾಡಿದೆ" ಎಂದು ಕರ್ಮಿನ್ ಬಿಕ್ಕಿದಳು. "ಗಿಡ ಕಡಿದದ್ದು ನಾನಲ್ಲ. ಮೊದಲ ದಿನವೇ ಹೇಳ್ತಿದ್ದೆ, ಆದ್ರೆ ಪದಾರ್ಥದ ಪರಿಮಳ ಬಂತು."