ಹನಿಯಲ್ಲಿ ಬಂದ ಮಾತು

ಭಾಷೆಗಳು ಕಿವಿಗೆ ಬಿಡುವ ಹನಿಗಳಾಗಿ ಮೆಡಿಕಲ್ ಶಾಪುಗಳಲ್ಲಿ ಸಿಗತೊಡಗಿದ ಮೇಲೆ ಸುಶ್ಮಿತಾ ಕೊರಗ ಭಾಷೆಯ ಬಾಟಲಿಯೊಂದನ್ನು ಕೊಂಡಳು. ತನ್ನ ಅಜ್ಜಿ ಮತಡಿಯೊಡನೆ ಅಜ್ಜಿಯ ಭಾಷೆಯಲ್ಲೇ ಮಾತಾಡುವ ಆಸೆ ಅವಳಿಗೆ. ಆದರೆ ಅವಳು ಆಡಿದ್ದು ಅಜ್ಜಿಗೆ ಅರ್ಥವಾಗಲಿಲ್ಲ. ಅರ್ಧಕ್ಕರ್ಧ ಶಬ್ದಗಳನ್ನು ಹನಿ ತಯಾರಿಸಿದ ಕಂಪನಿಯೇ ಹುಟ್ಟಿಸಿತ್ತು. ಅಜ್ಜಿ ಕಂಪನಿಯ ಮೇಲೆ ದೂರು ಕೊಟ್ಟಳು.

ಮಂಗಳೂರಿನ ಗ್ರಾಹಕರ ನ್ಯಾಯಾಲಯದಲ್ಲಿ ಕಂಪನಿಯ ವಕೀಲರು, "ಈ ಹನಿ ಹಾಕಿಕೊಂಡವರೆಲ್ಲ ಪರಸ್ಪರ ಸರಾಗವಾಗಿ ಮಾತಾಡುತ್ತಾರೆ. ಅರ್ಥವಾಗದಿರುವುದು ಈ ಅಜ್ಜಿಗೆ ಮಾತ್ರ" ಎಂದರು.

ಅಜ್ಜಿಯ ಪರ ವಕೀಲೆ ಜುಲೇಖಾ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದಳು. ಮಾರಾಟ ನಿಲ್ಲಿಸಿರೆಂದು ಕೇಳಲು ಎದ್ದಾಗ ಸುಶ್ಮಿತಾ ಅವಳ ಕೋಟು ಹಿಡಿದೆಳೆದಳು. ಹನಿ ಹಾಕುವುದು ನಿಂತರೆ ಕೆಲವೇ ದಿನಗಳಲ್ಲಿ ಅದರಿಂದ ಬಂದ ಭಾಷೆಯೂ ತಲೆಯಿಂದ ಅಳಿಸಿಹೋಗುತ್ತದೆ.

"ಬೇಡ ಮೇಡಂ. ಇದೂ ಹೋದ್ರೆ ನನ್ನತ್ರ ಎಂತದೂ ಇಲ್ಲ."

"ಹೋಗ್ಲಿ ಮಗಾ," ಎಂದಳು ಅಜ್ಜಿ. "ನಿನ್ನಪ್ಪ ಹುಟ್ಟುವಾಗ ಅವನಿಗೂ ಎಂತದೂ ಬರ್ತಿರ್ಲಿಲ್ಲ. ನಾನೇ ಕಲಿಸಿದ್ದಲ್ವಾ?"

ಸುಶ್ಮಿತಾ ಕೋಟು ಬಿಟ್ಟಳು. ಸಂಜೆಯೊಳಗೆ ಮಾರಾಟ ನಿಲ್ಲಿಸುವಂತೆ ಆದೇಶ ಬಂತು.

ಊರಿಗೆ ಹೋಗುವ ಬಸ್ಸಿನಲ್ಲಿ ಸುಶ್ಮಿತಾ ಕಿಟಕಿಯಾಚೆಯ ಹೊಳೆಯನ್ನು ತೋರಿಸಿದಳು. ಹೊಳೆಗೆ ತನ್ನ ಭಾಷೆಯಲ್ಲಿರುವ ಶಬ್ದವನ್ನು ಅಜ್ಜಿ ಹೇಳಿಕೊಟ್ಟಳು. ಸುಶ್ಮಿತಾಳ ಬಾಯಿಗೆ ಕಂಪನಿಯ ಶಬ್ದವೇ ಬಂತು. ಅಜ್ಜಿ ಬೇಸರಿಸದೆ, ನಿಧಾನವಾಗಿ, ಮತ್ತೊಮ್ಮೆ ಹೇಳಿದಳು.