ಚೀಸು ಹಾಕಿದ ಗೆಣಸು

"ಏನಾರ ತಿನ್ನಬೇಕಲ್ಲ. ಬಾಯಿಗೆ ಏನ ಬೇಕ ಅನಸ್ತದ, ಹೇಳು," ಎಂದು ಮುರಿಗೆಪ್ಪ ಮಂಚದ ಹತ್ತಿರ ನಿಂತು ಕೇಳಿದ. ಆಪರೇಶನ್ ಆಗಿ ಮನೆಗೆ ಬಂದಾಗಿನಿಂದ ಅವನ ಹೆಂಡತಿ ರುದ್ರವ್ವ ಗಂಜಿಯ ಬಟ್ಟಲನ್ನು ಮುಟ್ಟಿದ ಹಾಗೆ ಮಾಡಿ ಪಕ್ಕಕ್ಕಿಡುತ್ತಿದ್ದಳು. ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಸಲಾಯಿನ್ ಹಚ್ಚಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು.

ರುದ್ರವ್ವ ಗಂಡನ ಕಡೆ ಹೊರಳಿದಳು. "ಲಗ್ನ ಆಗಿ ಇಷ್ಟ ವರ್ಷಾತು, ಇವತ್ತ ಕೇಳಿದ್ರಿ ನೋಡ್ರಿ," ಎಂದಳು. ಆಮೇಲೆ, "ಚಂಪಾ ಒಮ್ಮೆ ಗೆಣಸಿನ ಮ್ಯಾಲ ಚೀಸ್ ಹಾಕಿ ಬೇಯಿಸಿ ಕೊಟ್ಟಿದ್ಲು. ಅದಾದ್ರ ಎರಡ ತುತ್ತ ಹೋದೀತು."

ಭಾಂಡುಪಿನ ಆ ಸಾಲುಖೋಲಿಗಳ ಚಾಳಿನಲ್ಲಿ ಪಕ್ಕದ ಖೋಲಿಯ ಚಂಪಾ ಸೊಲ್ಲಾಪುರದ ಕಡೆಯ ಹೊಸ ಸೊಸೆ. ದಾದರಿನಲ್ಲಿ ಅಡಿಗೆ ಕ್ಲಾಸಿಗೆ ಹೋದವಳು. ತಾನೇ ಮಾಡಿಕೊಡುತ್ತೇನೆ ಎಂದಳು. ಮುರಿಗೆಪ್ಪ ಒಪ್ಪಲಿಲ್ಲ. ಆಫೀಸಿನಲ್ಲಿ ಅಷ್ಟೊಂದು ಗುಮಾಸ್ತರನ್ನು ಆಳುವ ಹೆಡ್‌ಕ್ಲಾರ್ಕಿಗೆ ನಾಲ್ಕು ಗೆಣಸು ಮಣಿಯುವುದಿಲ್ಲವೇ?

"ಏಕದಮ್ ಈಜಿ ಅದ ಕಾಕಾ," ಎಂದಳು ಚಂಪಾ. "ಗೆಣಸ ಕುದಿಸಿ ದುಂಡಗ ಬಿಲ್ಲಿ ಹೆಚ್ಚರಿ. ಬೆಣ್ಯಾಗ ಮೈದಾ ಹುರದು, ಹಾಲ ಹಾಕಿ ಕುದಿಸಿ, ಅದರ ಮ್ಯಾಲ ಸುರೀರಿ. ಚೀಸ್ ತುರದು ಹಾಕಿ ಓವನ್ನಾಗ ಇಡ್ರಿ. ಬಸ್." ತನ್ನ ಕರೆಂಟಿನ ಓವನ್ನನ್ನೂ ತಂದಿಟ್ಟು ಹೋದಳು.

ಸಿಪ್ಪೆಯನ್ನು ಕುದಿಸುವ ಮೊದಲು ತೆಗೆಯಬೇಕೋ ಆಮೇಲೋ ಎಂದು ಕೇಳುವುದು ಮುರಿಗೆಪ್ಪನಿಗೆ ಮರೆತಿತ್ತು. ಕೆಲವಕ್ಕೆ ಮೊದಲು ತೆಗೆದ, ಕೆಲವಕ್ಕೆ ಆಮೇಲೆ, ಯಾವುದಾದರೊಂದು ಸರಿಯಿರಲೇಬೇಕು. ಚೀಸಿನ ಡಬ್ಬಿ ಒಡೆಯಲು ಮೊಳೆ, ಸುತ್ತಿಗೆ ಬೇಕಾದವು. ಹಾಲಿನಲ್ಲಿ ಮೈದಾ ಗಂಟು ಗಂಟಾಯಿತು. ಗಂಟುಗಳನ್ನು ಬೆರಳಿನಿಂದ ಹಿಸುಕುತ್ತ, "ಮುರಿಗೆಪ್ಪಾ, ನೀ ಫೈಲಿನ ಮ್ಯಾಲ ಸಹಿ ಮಾಡಲಿಕ್ಕಷ್ಟ ಹುಟ್ಟಿದಾಂವ," ಎಂದು ತನಗೆ ತಾನೇ ಹೇಳಿಕೊಂಡ. ಕೊನೆಗೆ ಎಲ್ಲವನ್ನೂ ತಟ್ಟೆಗೆ ಸುರಿದು ಓವನ್ನಿನಲ್ಲಿಟ್ಟು ಸ್ವಿಚ್ ಒತ್ತಿದ.

ಫಟ್ ಎಂದಿತು. ಚಾಳಿನ ಆ ಮಾಳಿಗೆಯ ದೀಪಗಳೆಲ್ಲ ಆರಿದವು. ರೇಡಿಯೋಗಳು ಒಟ್ಟಿಗೇ ಬಾಯಿ ಮುಚ್ಚಿದವು. ಜನ ಖೋಲಿಗಳ ಮುಂದಿನ ಗ್ಯಾಲರಿಗೆ ಬಂದರು.

"ಯಾರ ಖೋಲ್ಯಾಗ ಏನಾತು?" ಎಂದು ಮೂಲೆಯ ಖೋಲಿಯ ಬಂಡೆಪ್ಪ ಕೇಳಿದ.

ಭಾಂಡುಪಿನಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ, ಮುರಿಗೆಪ್ಪ ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಆದರೆ ಸಂಜೆಯ ಬೆಳಕಿನಲ್ಲಿ ಮುರಿಗೆಪ್ಪನ ಕೈಗಳು ಮೊಳಕೈವರೆಗೆ ಬೆಳ್ಳಗೆ ಕಾಣುತ್ತಿದ್ದವು. "ನಂದ ಖೋಲಿ. ಗೆಣಸ ಬೇಯಿಸಲಿಕ್ಕ ಹತ್ತಿದ್ದೆ," ಎಂದ. "ಫ್ಯೂಜೂ ಹೋತು, ಮರ್ಯಾದಿನೂ ಹೋತು. ಮರ್ಯಾದಿ ಇರಲಿ, ಫ್ಯೂಜ್ ಅಷ್ಟ ಯಾರಾರ ಹಾಕಿಕೊಡ್ರಿ."

ಒಳಗಿನಿಂದ ನರಳಿದಂಥ ಸದ್ದು ಬಂತು. ಮುರಿಗೆಪ್ಪ ಗಾಬರಿಯಾಗಿ ಓಡಿದ. ರುದ್ರವ್ವ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಗಸಬ್ಯಾಡ್ರಿ, ಹೊಲಿಗಿ ಬಿಚ್ಚತಾವ," ಎಂದಳು. ನಗು ನಿಂತ ಮೇಲೆ, "ತಟ್ಟಿ ಹೊರಗ ತಗೀರಿ. ಶೇಗಡಿ ಮ್ಯಾಲ ಇಟ್ಟು, ಮುಚ್ಚಿ, ಮುಚ್ಚಳದ ಮ್ಯಾಲೂ ನಾಕ ಕೆಂಡ ಹಾಕ್ರಿ."

ಅವಳು ಮಲಗಿದಲ್ಲಿಂದ ಹೇಳಿದಳು. ಅವನು ಇದ್ದಿಲ ಶೇಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೆಮ್ಮುತ್ತ, ಊದುತ್ತ ಮಾಡಿದ. ಚೀಸು ಒಂದು ಕಡೆ ಹೊಂಬಣ್ಣಕ್ಕೆ ಕರಗಿತು, ಇನ್ನೊಂದು ಕಡೆ ಸೀದು ಕರಿಯಾಯಿತು. ಮೇಣಬತ್ತಿಯ ಬೆಳಕಿನಲ್ಲಿ ರುದ್ರವ್ವ ಒಂದು ಚಮಚ ಬಾಯಿಗಿಟ್ಟಳು. ಸಿಪ್ಪೆಯ ಚೂರೊಂದನ್ನು ಅಂಗೈಗೆ ಉಗುಳಿದಳು. ಮತ್ತೊಂದು ಚಮಚ ತೆಗೆದುಕೊಂಡಳು, ಮತ್ತೊಂದು.

ಬಂಡೆಪ್ಪ ಫ್ಯೂಜಿನ ತಂತಿ ಕಟ್ಟಿ ದೀಪ ಹತ್ತಿಸಿದಾಗ ತಟ್ಟೆ ಖಾಲಿಯಾಗಿತ್ತು. ಮುರಿಗೆಪ್ಪ ಮೈದಾ ಮೆತ್ತಿದ ಎದೆಯುಬ್ಬಿಸಿ ಬಾಗಿಲಲ್ಲಿ ನಿಂತು, "ಅಡಗಿ ಅಂದ್ರ ಅಂಥಾದ್ದೇನಿಲ್ಲ ಬಂಡೆಪ್ಪಾ, ಮನಸ್ಸ ಇರಬೇಕ ಅಷ್ಟ," ಎನ್ನುತ್ತಿದ್ದ.

"ಚಲೋ ಆಗಿತ್ತು," ಎಂದಳು ರುದ್ರವ್ವ ಒಳಗಿನಿಂದ, ಚಮಚ ನೆಕ್ಕುತ್ತ. "ನಾಳೆ ಮುಂಜಾನೆ ಏನ ಮಾಡ್ತೀರಿ?"

ಅಡಿಗೆಮನೆಯಲ್ಲಿ ನಾಳೆ ಎಂಬುದೊಂದು ಇರುತ್ತದೆಂದು ಮುರಿಗೆಪ್ಪನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.